ಗಪ್ಪಿಯ ಸಂತಾನರಕ್ಷಣೆ

ದಂಡಧರನಿಲ್ಲದ ನಾಡಿನಲ್ಲಿ ಬಲಿಷ್ಠರು ದುರ್ಬಲರನ್ನು ನುಂಗಿ ಬದುಕುವ ಸ್ಥಿತಿಗೆ ನಮ್ಮ ಪ್ರಾಚೀನ ಅರ್ಥಶಾಸ್ತ್ರಕಾರರು ಮಾತ್ಸ್ಯನ್ಯಾಯವೆಂದು ಹೆಸರಿಟ್ಟರು. ಆ ನ್ಯಾಯದ ಪ್ರತ್ಯಕ್ಷ ದರ್ಶನವಾಗಬೇಕೆನ್ನುವವರು ಕಡಲತೀರದವರೆಗೆ ಹೋಗಬೇಕಾದುದಿಲ್ಲ, ಪಡಸಾಲೆಯಲ್ಲಿ ಗಪ್ಪಿಗಳನ್ನು ಸಾಕಿದ ಗಾಜಿನ ತೊಟ್ಟಿಯೆದುರು, ಬಸುರಿ ಮೀನು ಮರಿಹಾಕುವ ಹೊತ್ತಿನಲ್ಲಿ, ಒಂದು ಗಳಿಗೆ ಕುಳಿತರೆ ಸಾಕು. ಹೆತ್ತ ತಾಯಿಯೇ ಹಿಂದಿರುಗಿ ತನ್ನ ಮರಿಯನ್ನು ನುಂಗುತ್ತದೆ. ಇದಕ್ಕೆ ಕ್ರೌರ್ಯವನ್ನು ಆರೋಪಿಸುವುದು ಯುಕ್ತವಲ್ಲ. 6–8 ಮಿಲಿಮೀಟರ್ ಉದ್ದದ, ಮಿಸುಕಾಡುವ ಯಾವ ಜೀವಿಯೂ ಗಪ್ಪಿಯ ಕಣ್ಣಿಗೆ ಆಹಾರವೇ ಆಗಿ ತೋರುವುದರಿಂದ, ಅದು ಸೊಳ್ಳೆಯ ಮರಿಯೋ ತನ್ನದೇ ಮರಿಯೋ ಎಂಬ ವಿವೇಚನೆಗೆ ಅಲ್ಲಿ ಎಡೆಯಿಲ್ಲ. ಮಲೇರಿಯಾ ನಿವಾರಣೆಗಾಗಿ ಕರ್ನಾಟಕದ ಹಳ್ಳಿಗಳ ಬಾವಿಗಳಲ್ಲಿ ಗಪ್ಪಿಗಳನ್ನು ಬಿಟ್ಟದ್ದೂ ಇದೇ ಹೊಟ್ಟೆಬಾಕತನವನ್ನು ನೆಚ್ಚಿಯೇ.

ಈ ಮೀನಿನ ತವರು ದಕ್ಷಿಣ ಅಮೆರಿಕದ ಈಶಾನ್ಯ ಭಾಗ ಮತ್ತು ಅದಕ್ಕೆ ಹೊಂದಿಕೊಂಡ ಟ್ರಿನಿಡಾಡ್ ದ್ವೀಪ. ವೆನೆಜುವೆಲಾದ ಮೀನುಗಳನ್ನು ನೋಡಿ 1859ರಲ್ಲಿ ಪೀಟರ್ಸ್ ಎಂಬ ಜರ್ಮನ್ ವಿದ್ವಾಂಸನು ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದ್ದನು. ಅದನ್ನರಿಯದೆ 1866ರಲ್ಲಿ ಗುಂಥರ್ ಎಂಬಾತನು, ಟ್ರಿನಿಡಾಡಿನಿಂದ ಮಾದರಿಗಳನ್ನು ಲಂಡನ್ನಿಗೆ ಕಳುಹಿಸಿದ ಲೆಕ್‌ಮೀರ್ ಗಪ್ಪಿಯ ಗೌರವಾರ್ಥವಾಗಿ ಮತ್ತೊಂದು ಹೆಸರನ್ನಿಟ್ಟನು. ಆ ದ್ವೀಪದ ಬೆಟ್ಟದ ತೊರೆಗಳಲ್ಲಿ ಡೇವಿಡ್ ರೆಜ್ನಿಕ್ ಮೊದಲಾದವರು ನಡೆಸಿದ ಸಂಶೋಧನೆ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದು: ಜಲಪಾತಗಳ ಕೆಳಗೆ, ದೊಡ್ಡ ಬೇಟೆಮೀನುಗಳ ಭಯವಿರುವೆಡೆ, ಗಪ್ಪಿಗಳು ಬೇಗನೆ ಪ್ರಾಯಕ್ಕೆ ಬಂದು ಸಣ್ಣ ಸಣ್ಣ ಮರಿಗಳನ್ನು ಹೆಚ್ಚು ಸಂಖ್ಯೆಯಲ್ಲಿ ಹೆರುತ್ತವೆ, ಜಲಪಾತದ ಮೇಲೆ, ಅಂಥ ಶತ್ರುಗಳಿಲ್ಲದ ನೀರಿನಲ್ಲಿ, ನಿಧಾನವಾಗಿ ಬೆಳೆದು ಕೆಲವೇ ದೊಡ್ಡ ಮರಿಗಳನ್ನು ಹೆರುತ್ತವೆ. ಮರಿಗಳಲ್ಲಿ ಬಹುಪಾಲು ನಾಶವಾಗುವುದೆಂಬ ಲೆಕ್ಕವನ್ನು ಪ್ರಕೃತಿಯು ಮೊದಲೇ ಹಾಕಿಟ್ಟಿದೆ. ಗಾಜಿನ ತೊಟ್ಟಿಯಲ್ಲಿಯಾದರೋ ಓಡಿ ಅಡಗಲು ತೊರೆಯ ವಿಸ್ತಾರವಿಲ್ಲ. ಆದುದರಿಂದ ಸಾಕುವವನು ಒದಗಿಸಬೇಕಾದುದು ಮುಖ್ಯವಾಗಿ ಮರೆ.

ಗಪ್ಪಿ ಮೊಟ್ಟೆಯಿಡದೆ ಮರಿಹಾಕುವ ಮೀನು. ನೀರಿನ ಉಷ್ಣತೆಯನ್ನನುಸರಿಸಿ ಸುಮಾರು ನಾಲ್ಕು ವಾರಗಳಿಗೊಮ್ಮೆ ಪ್ರಸವವಾಗುತ್ತದೆ. ಒಂದು ಸೂಲಿಗೆ 20ರಿಂದ 50 ಮರಿಗಳು ಸಾಮಾನ್ಯ. ಹೆಣ್ಣು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ದೇಹದೊಳಗೆ ಕಾದಿರಿಸಿಕೊಳ್ಳಬಲ್ಲುದಾದ್ದರಿಂದ, ಅಂಗಡಿಯಿಂದ ಒಂಟಿ ಹೆಣ್ಣನ್ನೇ ತಂದವನ ಮನೆಯಲ್ಲಿಯೂ ಮರಿಗಳು ಕಾಣಿಸಿಕೊಳ್ಳುವುದು ಆಶ್ಚರ್ಯವಲ್ಲ. ಹೊಟ್ಟೆಯ ಹಿಂಭಾಗದ ಕಪ್ಪು ಮಚ್ಚೆ ಗಾಢವಾಗಿ, ಉದರವು ಉಬ್ಬಿ ಮುಂಭಾಗದಲ್ಲಿ ಚೌಕಾಕಾರವಾಯಿತೆಂದರೆ ಪ್ರಸವಕಾಲ ಸಮೀಪಿಸಿತೆಂದು ತಿಳಿಯಬೇಕು.

ಈ ಸಂದರ್ಭಕ್ಕೆಂದು ಅಂಗಡಿಗಳಲ್ಲಿ ಪ್ಲಾಸ್ಟಿಕ್ಕಿನ ಪ್ರಸವಪೆಟ್ಟಿಗೆಗಳು ದೊರೆಯುತ್ತವೆ. ಬಸುರಿಯನ್ನು ಅದರೊಳಗೆ ಕೂಡಿಹಾಕಿದರೆ ಮರಿಗಳು ಸಂದಿನ ಮೂಲಕ ಕೆಳಗಿಳಿದು ಪಾರಾಗುತ್ತವೆ ಎಂಬುದು ಅದರ ತತ್ತ್ವ. ನನಗೆ ಅದರಲ್ಲಿ ವಿಶ್ವಾಸ ಕಡಮೆ. ಅಂಗೈಯಗಲದ ಸೆರೆಯಲ್ಲಿ ತಾಯಿ ಗಾಬರಿಗೊಂಡು ಬಲಿಯದ ಮರಿಗಳನ್ನೇ ಹೊರಹಾಕುವುದುಂಟು. ಪೆಟ್ಟಿಗೆಯ ಸದುಪಯೋಗವೆಂದರೆ, ಹುಟ್ಟಿದ ಮರಿಗಳನ್ನು ಹಿಡಿದು ಅದರಲ್ಲಿ ಕೆಲದಿನ ಇಡುವುದು. ಅದಕ್ಕಿಂತಲೂ ಮೇಲಾದುದು ದಟ್ಟವಾದ ಸಸ್ಯ. ಜಾವಾ ಮಾಸ್ ಎಂಬ ಪಾಚಿಯ ಗುಪ್ಪೆ, ಹಾರ್ನ್‌ವರ್ಟ್, ನೀರಮೇಲೆ ತೇಲುವ ಅಂತರಗಂಗೆಯ ಜಟೆಯಂಥ ಬೇರು—ಇವುಗಳ ನಡುವೆ ಮರಿ ನುಸುಳಬಲ್ಲುದು, ದೊಡ್ಡ ಮೀನು ನುಸುಳಲಾರದು. ಮೇಲಾಗಿ ಎಲೆಗಳ ಮೇಲೆ ಬೆಳೆವ ಸೂಕ್ಷ್ಮಜೀವಿಗಳೇ ಮರಿಗೆ ಮೊದಲ ಉಣಿಸು. ಆದರೆ ಕೆರೆಯಿಂದ ಕಿತ್ತು ತಂದ ಗಿಡವನ್ನು ನೇರವಾಗಿ ತೊಟ್ಟಿಗೆ ಹಾಕಬಾರದು. ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಕೀಟದ ಮರಿಹುಳು ಅದರೊಡನೆ ಬಂದುಬಿಟ್ಟರೆ, ತಾಯಿಮೀನು ಬಿಟ್ಟದ್ದನ್ನು ಅದು ಮುಗಿಸುತ್ತದೆ. ಬೇರೆ ಬಕೆಟ್ಟಿನಲ್ಲಿ ಕೆಲವು ದಿನವಿಟ್ಟು, ಚೆನ್ನಾಗಿ ಜಾಲಿಸಿ ತೊಳೆದು ನೋಡಿಕೊಳ್ಳುವುದು ಲೇಸು. ಹಾಗೆಯೇ ಫಿಲ್ಟರಿನ ಹೀರುಗೊಳವೆಯ ಬಾಯಿಗೆ ಸ್ಪಾಂಜು ಕಟ್ಟದಿದ್ದರೆ, ಶತ್ರುವಿನಿಂದ ಪಾರಾದ ಮರಿಯು ಯಂತ್ರದ ಪಾಲಾಗುವುದು.

ಮೊದಲ ದಿನವನ್ನು ಗೆದ್ದ ಮರಿಗೆ ಮುಂದಿನ ಗಂಡಾಂತರ ನಮ್ಮ ಅತಿವಾತ್ಸಲ್ಯದಿಂದಲೇ ಬರುತ್ತದೆ. ಪುಟ್ಟ ಹೊಟ್ಟೆಗೆ ದಿನಕ್ಕೆ ಮೂರು ನಾಲ್ಕು ಬಾರಿ ಆಹಾರ ಬೇಕು, ನಿಜ. ಆದರೆ ಪ್ರತಿ ಬಾರಿಯೂ ಕೆಲವೇ ನಿಮಿಷದಲ್ಲಿ ತಿಂದು ಮುಗಿಯುವಷ್ಟು ಮಾತ್ರ. ಉಪ್ಪುನೀರಿನಲ್ಲಿ ಒಂದೂವರೆ ದಿನದೊಳಗೆ ಮೊಟ್ಟೆಯೊಡೆದು ಬರುವ, ಆರ್ಟೀಮಿಯಾ ಎಂಬ ಕಿರುಸೀಗಡಿಯ ಮರಿಗಳು ಸರ್ವೋತ್ತಮ. ಇಲ್ಲದಿದ್ದರೆ ಒಣ ಆಹಾರವನ್ನು ಬೆರಳಲ್ಲಿ ನುರಿದು ಹಿಟ್ಟುಮಾಡಿ ಉದುರಿಸಬಹುದು. ಬೇಯಿಸಿದ ಮೊಟ್ಟೆಯ ಹಳದಿಯನ್ನೂ ಕೊಡುವವರಿದ್ದಾರೆ, ಸೂಜಿಯ ಮೊನೆಯಷ್ಟು ಹೆಚ್ಚಾದರೂ ನೀರು ಕೆಡುತ್ತದೆ. ಉಳಿದ ಆಹಾರವೂ ಮೀನಿನ ಮಲವೂ ಸೇರಿ ಅಮೋನಿಯಾ ಉಂಟಾಗುತ್ತದೆ, ಅದು ಕಣ್ಣಿಗೆ ಕಾಣದ ವಿಷ. ಆದುದರಿಂದ ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ತೆಗೆದು, ಅದೇ ಉಷ್ಣತೆಯ ಹೊಸ ನೀರನ್ನು ನಿಧಾನವಾಗಿ ತುಂಬಬೇಕು. ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಒಂದು ದಿನ ತೆರೆದಿಟ್ಟರೆ ಹೋಗುತ್ತದೆ; ಕ್ಲೋರಮೈನ್ ಬೆರೆತ ನೀರಿಗೆ ಅಂಗಡಿಯ ನೀರುಶುದ್ಧಿಕಾರಕವೇ ಬೇಕು. ಕರಾವಳಿಯ ಮನೆಗಳಿಗೆ ಹೀಟರಿನ ಚಿಂತೆಯಿಲ್ಲ. ಮಲೆನಾಡಿನ ಚಳಿಗಾಲದಲ್ಲಿ ನೀರು 24 ಡಿಗ್ರಿಗಿಂತ ತಣ್ಣಗಾದರೆ ಮರಿಗಳ ಬೆಳವಣಿಗೆ ಕುಂಠಿತವಾಗುತ್ತದೆ.

ತಿಂಗಳು ತುಂಬುವ ವೇಳೆಗೆ ಗಂಡುಮರಿಯ ಹೊಟ್ಟೆಯಡಿಯ ಈಜುರೆಕ್ಕೆ ಕಡ್ಡಿಯಂತೆ ಸಪುರವಾಗತೊಡಗುತ್ತದೆ. ಅಷ್ಟರಲ್ಲೇ ಗಂಡು ಹೆಣ್ಣುಗಳನ್ನು ಬೇರೆಮಾಡದಿದ್ದರೆ, ಮುಂದಿನ ಎರಡು ಮೂರು ತಿಂಗಳಲ್ಲಿ ಮರಿಗಳೇ ಮರಿಹಾಕಿ, ರಕ್ಷಣೆಯ ಪ್ರಶ್ನೆ ಹೋಗಿ ಸ್ಥಳದ ಪ್ರಶ್ನೆ ಏಳುವುದು. ಹೆಚ್ಚಾದ ಮರಿಗಳನ್ನು ಪುಣ್ಯಕಾರ್ಯವೆಂದು ಕೆರೆಗೋ ಹಳ್ಳಕ್ಕೋ ಬಿಡುವವರಿದ್ದಾರೆ. ಅದು ಕೂಡದು, ಪರದೇಶದ ಈ ಮೀನು ನಮ್ಮ ನಾಡಮೀನುಗಳ ಆಹಾರಕ್ಕೆ ಪಾಲುದಾರನಾಗಿ, ಅವುಗಳ ಮೊಟ್ಟೆಮರಿಗಳಿಗೂ ಬಾಯಿ ಹಾಕುತ್ತದೆ. ಅಂಗಡಿಯವರು ಒಳ್ಳೆಯ ಮರಿಗಳನ್ನು ಮರಳಿ ಪಡೆಯುವುದುಂಟು, ನೆರೆಹೊರೆಯ ಮಕ್ಕಳಂತೂ ಸರಿಯೇ. ಇಷ್ಟೊಂದು ಉಪಚಾರಕ್ಕೆ ವ್ಯವಧಾನವಿಲ್ಲದವರು, ಗಂಡುಗಳನ್ನಷ್ಟೇ ತಂದು ಸಾಕಬಹುದು. ಬಣ್ಣದ ಬಾಲವಿರುವುದು ಹೇಗೂ ಅವಕ್ಕೇ.