ಕೊಳಚೆಯ ಗೊಬ್ಬರವೂ ಒಕ್ಕಲು ಮನೆತನದ ಆರೋಗ್ಯವೂ

ಭೂಮಿಯಿಂದ ತೆಗೆದುಕೊಂಡ ಸಾರವನ್ನು ಭೂಮಿಗೇ ಹಿಂದಿರುಗಿಸಬೇಕೆಂಬುದು ಒಕ್ಕಲುತನದ ಮೊದಲನೆಯ ಧರ್ಮವು. ದನಕರುಗಳು ಕಡಿಮೆಯಾಗಿ ತಿಪ್ಪೆಗೊಬ್ಬರವು ಸಾಲದೆ ಬಂದಿರುವ ಈ ಕಾಲದಲ್ಲಿ, ಗಟಾರದ ನೀರನ್ನೂ ಪಾಯಖಾನೆಯ ಗುಂಡಿಗಳಲ್ಲಿ ನಿಂತ ಹೂಳನ್ನೂ ಹೊಲಕ್ಕೆ ಹಾಕಬಹುದೇ ಎಂಬ ಪ್ರಶ್ನೆಯು ಅನೇಕ ಕಡೆಗಳಲ್ಲಿ ಹುಟ್ಟಿದೆ. ಆಳಂದ ತಾಲ್ಲೂಕಿನ ನರೋಣಾದಂಥ ಗ್ರಾಮಗಳಲ್ಲಿಯೂ ಮನೆಮನೆಗೆ ಪಾಯಖಾನೆಗಳಾದಂತೆ, ತುಂಬಿದ ಗುಂಡಿಯ ಹೂಳು ಎಲ್ಲಿಗೆ ಹೋಗಬೇಕೆಂಬುದನ್ನು ಊರ ಹಿರಿಯರೂ ಭೂಮಾಲೀಕರೂ ನಿರ್ಣಯಿಸಬೇಕಾಗಿ ಬರುವುದು. ಈ ನಿರ್ಣಯದಲ್ಲಿ ಬೆಳೆಯ ಲಾಭವೊಂದನ್ನೇ ನೋಡದೆ, ಕಳೆ ತೆಗೆಯುವ ಹೆಣ್ಣುಮಕ್ಕಳ ಮತ್ತು ಬದುವಿನ ಮೇಲೆ ಆಡುವ ಕೂಸುಗಳ ಆರೋಗ್ಯವನ್ನೂ ತೂಗಿ ನೋಡುವುದು ಅತ್ಯವಶ್ಯವು.

ಕೊಳಚೆಯಲ್ಲಿರುವ ಸಾರ

ಕೊಳಚೆ ನೀರಿನಲ್ಲಿ ಸಾರಜನಕ, ರಂಜಕ, ಪೊಟ್ಯಾಶ್ ಈ ಮೂರೂ ಇರುತ್ತವೆ. ಒಂದು ಲೀಟರು ನೀರಿನಲ್ಲಿ 40 ಮಿಲಿಗ್ರಾಂ ಸಾರಜನಕವಿದೆಯೆಂದು ಎಣಿಸಿದರೆ, ಒಂದು ಎಕರೆಗೆ ಒಂದು ಅಂಗುಲ ನೀರು ಹಾಯಿಸಿದಾಗ ಸುಮಾರು 4 ಕಿಲೋಗ್ರಾಂ ಸಾರಜನಕವು ಭೂಮಿಗೆ ಸೇರುತ್ತದೆ. ತೊಗರಿಗೆ ಎಕರೆಯೊಂದಕ್ಕೆ ಸುಮಾರು 10 ಕಿಲೋಗ್ರಾಂ ಸಾಕು. ಆದುದರಿಂದ ಎರಡೂವರೆ ಅಂಗುಲ ನೀರಿಗೇ ಅದರ ಅಳತೆ ಮುಗಿಯಿತು. ಅದಕ್ಕಿಂತ ಹೆಚ್ಚಾದರೆ ಗಿಡವು ಸೊಪ್ಪಿಗೆ ಬೆಳೆದು ಹೂ ಕಾಯಿ ತಡವಾಗುವುವು. ಸಾರವು ಹೆಚ್ಚಾದಷ್ಟೂ ಲಾಭವೆಂದು ತಿಳಿಯುವುದು ತಪ್ಪು.

ಅದರಲ್ಲಿ ಅಡಗಿರುವ ರೋಗ

ಮಲದೊಡನೆ ವಿಷಮಶೀತ ಜ್ವರ, ಕಾಲರಾ, ಆಮಶಂಕೆ, ಕಾಮಾಲೆ ಇವುಗಳ ಸೂಕ್ಷ್ಮ ಕ್ರಿಮಿಗಳೂ ಜಂತುಗಳ ತತ್ತಿಗಳೂ ಬರುತ್ತವೆ. ಕ್ರಿಮಿಗಳಲ್ಲಿ ಬಹುಭಾಗವು ಬಿಸಿಲಿಗೂ ಒಣಗುವಿಕೆಗೂ ಕೆಲವು ದಿನ ಇಲ್ಲವೆ ವಾರಗಳಲ್ಲಿ ಸಾಯುವುದು. ದುಂಡು ಜಂತುಹುಳದ ತತ್ತಿಯಾದರೋ ಗಟ್ಟಿ ಕವಚವುಳ್ಳದ್ದಾಗಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ, ಅನುಕೂಲವಾದ ಕಡೆ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಕೊಕ್ಕೆಹುಳದ ಮರಿಯು ಒದ್ದೆ ಮಣ್ಣಿನಿಂದ ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕು, ಕರುಳಿನಲ್ಲಿ ನೆಲೆಸಿ ರಕ್ತ ಹೀರುತ್ತದೆ. ಇದರಿಂದ ರಕ್ತಹೀನತೆಯುಂಟಾಗಿ ದುಡಿಯುವವರ ಶಕ್ತಿಯು ಕುಂದುವುದು. ಬಸುರಿಯರಿಗಂತೂ ಇದು ಪ್ರಾಣಕ್ಕೆ ಅಪಾಯಕರವಾದದ್ದು. ಹಂದಿಯ ಲಾಡಿಹುಳದ ತತ್ತಿಗಳು ಹಸಿ ಸೊಪ್ಪಿಗೆ ಅಂಟಿ ಹೊಟ್ಟೆಗೆ ಹೋದರೆ, ಅವುಗಳ ಮರಿಗಳು ಮಿದುಳನ್ನು ಸೇರಿ ಮೂರ್ಛೆರೋಗವನ್ನು ತರುವುದುಂಟು.

ಪರಿಶೋಧನೆಗಳಿಂದ ತಿಳಿದುಬಂದದ್ದು

ಕೊಳಚೆಯಿಂದಾಗುವ ಕೇಡನ್ನು ಕಂಡುಹಿಡಿಯುವ ಕ್ರಮವೇನೆಂದರೆ, ಕೊಳಚೆ ನೀರಿನಲ್ಲಿ ಬೇಸಾಯ ಮಾಡುವ ಮನೆತನಗಳನ್ನೂ, ಅಂಥದೇ ಸ್ಥಿತಿಯಲ್ಲಿದ್ದು ಬಾವಿ ಅಥವಾ ಹೊಳೆಯ ನೀರಿನಲ್ಲಿ ಬೇಸಾಯ ಮಾಡುವ ಮನೆತನಗಳನ್ನೂ ಆರಿಸಿ, ಎರಡೂ ಗುಂಪಿನವರ ಮಲವನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ಭೇದಿ ಮತ್ತು ಜ್ವರಗಳ ಲೆಕ್ಕವನ್ನು ಹೋಲಿಸುವುದು. ನಾಗಪುರದ ಸಾರ್ವಜನಿಕ ಆರೋಗ್ಯ ಇಂಜಿನಿಯರಿಂಗ್ ಸಂಶೋಧನ ಸಂಸ್ಥೆಯವರು ಹೀಗೆ ಪರೀಕ್ಷಿಸಿ 1973ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕೊಳಚೆ ಹೊಲಗಳ ಕೆಲಸಗಾರರಲ್ಲಿ ಕೊಕ್ಕೆಹುಳದ ಬಾಧೆಯು ಇತರರಿಗಿಂತ ಸುಮಾರು ಎರಡರಷ್ಟೂ, ಜಂತುಹುಳದ ಬಾಧೆಯು ಮೂರರಷ್ಟಕ್ಕೂ ಮೇಲ್ಪಟ್ಟೂ ಇದ್ದುದು ಕಂಡುಬಂತು. ಹೈದರಾಬಾದಿನ ಮೂಸಿ ನದಿಯ ದಡದ ಬೇಸಾಯಗಾರರ ಕುಟುಂಬಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪರಿಶೋಧನೆಯೂ ಇದನ್ನೇ ದೃಢಪಡಿಸಿತು.

ಕರ್ನಾಟಕದಲ್ಲಿ ಹುಬ್ಬಳ್ಳಿ ಧಾರವಾಡಗಳ ಸುತ್ತಲಿನ ರೈತರು ನಗರದ ನಾಲೆಯ ಶುದ್ಧಿಯಿಲ್ಲದ ನೀರನ್ನು ಬಳಸಿದುದನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯದವರೂ ವಿದೇಶದ ವಿದ್ವಾಂಸರೂ ಕೂಡಿ ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದರು. ಬೇಸಿಗೆಯಲ್ಲಿಯೂ ಕಾಯಿಪಲ್ಯ ಬೆಳೆದು ಒಳ್ಳೆಯ ಬೆಲೆ ಪಡೆದದ್ದು ಅಲ್ಲಿಯ ಲಾಭ. ಆದರೆ ವರ್ಷವಿಡೀ ಹಸಿರಿದ್ದುದರಿಂದ ಕೀಟಗಳೂ ಕಳೆಯೂ ಬಲಿತು ಔಷಧ ಸಿಂಪಡಿಸುವುದು ಮಿತಿಮೀರಿತು. ನಾಲೆಯಲ್ಲಿ ತೇಲಿ ಬಂದ ಚುಚ್ಚುಮದ್ದಿನ ಸೂಜಿಗಳು ಹೊಲದಲ್ಲಿ ದುಡಿಯುವವರಿಗೆ ಗಾಯದ ಭಯವನ್ನೊಡ್ಡಿದವು. ಹೀಗೆ ಲಾಭವೂ ಕೇಡೂ ಒಂದೇ ಕಾಲುವೆಯಲ್ಲಿ ಬಂದವು.

ಶುದ್ಧಿ ಮಾಡಿದ ನೀರೆಂದರೆ ಏನು?

ಕೊಳಚೆಗೆ ಗಾಳಿಯೂದಿ, ಉಪಕಾರಿಯಾದ ಸೂಕ್ಷ್ಮಜೀವಿಗಳಿಂದ ಶುದ್ಧಿಪಡಿಸುವ ಕ್ರಮವನ್ನು 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಕಂಡುಹಿಡಿದರು. ಅದಕ್ಕೆ ಪ್ರೇರಕರಾದ ಗಿಲ್ಬರ್ಟ್ ಫೌಲರ್ ಅವರು 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಈ ಕ್ರಮದಲ್ಲಿ ನೀರು ತಿಳಿಯಾಗುವುದು, ದುರ್ವಾಸನೆ ಹೋಗುವುದು. ಆದರೆ ಒಂದು ಮಾತನ್ನು ಮರೆಯಲಾಗದು: ಜಂತುಗಳ ತತ್ತಿಗಳು ಸಾಯದೆ ತಳಕ್ಕಿಳಿದು ಹೂಳಿನಲ್ಲಿ ಶೇಖರವಾಗುತ್ತವೆ. ಲೋಹಗಳೂ ಬಹುಮಟ್ಟಿಗೆ ಅಲ್ಲಿಯೇ ನಿಲ್ಲುತ್ತವೆ. ಆದುದರಿಂದ ನೀರಿಗಿಂತ ಹೂಳಿನ ವಿಷಯದಲ್ಲಿ ಹೆಚ್ಚು ಜಾಗರೂಕತೆಯಿರತಕ್ಕದ್ದು.

ಬೆಂಗಳೂರಿನ ಶುದ್ಧೀಕೃತ ನೀರನ್ನು ದಿನಕ್ಕೆ 440 ದಶಲಕ್ಷ ಲೀಟರಿನಂತೆ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆಯು 2018ರಲ್ಲಿ ಆರಂಭವಾಯಿತು. ಅದೇ ವರ್ಷ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಎದ್ದು ವಿಷಯವು ನ್ಯಾಯಾಲಯದ ಮೆಟ್ಟಿಲೇರಿತು. ಆ ನೀರನ್ನು ಅಂತರ್ಜಲಕ್ಕೆ ಇಂಗಿಸುವುದಕ್ಕಾಗಿಯೇ ಯೋಜಿಸಿದ್ದರು, ಕೆರೆಯಿಂದ ನೇರವಾಗಿ ಎತ್ತಿ ಹೊಲಕ್ಕೆ ಹಾಯಿಸುವುದಕ್ಕಲ್ಲ. ಶುದ್ಧಿ ಮಾಡಿದ್ದೆಂಬ ಹೆಸರು ಮಾತ್ರದಿಂದ ನಿಶ್ಚಿಂತೆಯಿಂದಿರಲಾಗದೆಂಬುದಕ್ಕೆ ಇದು ದೃಷ್ಟಾಂತ.

ಬೆಂಗಳೂರು ಪದ್ಧತಿಯ ಗೊಬ್ಬರ

ಮಲವನ್ನು ಗೊಬ್ಬರವಾಗಿಸುವ ಒಂದು ಒಳ್ಳೆಯ ದಾರಿಯನ್ನು ಸಿ. ಎನ್. ಆಚಾರ್ಯರು 1939ರಲ್ಲಿ ಬೆಂಗಳೂರಿನಲ್ಲಿಯೇ ತೋರಿಸಿಕೊಟ್ಟರು. ಕಂದಕದಲ್ಲಿ ಕಸಕಡ್ಡಿಯ ದಪ್ಪ ಪದರು, ಅದರ ಮೇಲೆ ಮಲದ ತೆಳು ಪದರು, ಮತ್ತೆ ಕಸ ಹೀಗೆ ತುಂಬಿ, ಮೇಲೆ ಮಣ್ಣು ಮುಚ್ಚಿ ಆರರಿಂದ ಎಂಟು ತಿಂಗಳು ಬಿಡುವುದು ಇದರ ಕ್ರಮ. ಒಳಗೆ ಹುಟ್ಟುವ ಕಾವು ರೋಗಬೀಜಗಳನ್ನು ಕೊಲ್ಲುತ್ತದೆ. ಆದರೆ ಗೊಬ್ಬರವನ್ನು ಮಗುಚಿ ಹಾಕದಿರುವುದರಿಂದ ಅಂಚುಗಳಿಗೆ ಕಾವು ತಟ್ಟದಿರಬಹುದು. ಈ ಕಾರಣದಿಂದ ಉಷ್ಣ ಸೀಮೆಯಲ್ಲಿಯೂ ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಇಡುವುದು ಕ್ಷೇಮವು. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಹೊರಡಿಸಿದ ಸೂಚನೆಗಳ ಆಶಯವೂ ಇದೇ.

ಎರೆಭೂಮಿಯ ವಿಶೇಷ

ನರೋಣಾ ಸೀಮೆಯ ಎರೆಭೂಮಿಯು ನೀರನ್ನು ಬಹುಕಾಲ ಹಿಡಿದಿಡುವುದು, ಸುಲಭವಾಗಿ ಬಸಿಯದು. ಸಾಬೂನು ಸೋಡಾಗಳ ಗಟಾರದ ನೀರಿನಲ್ಲಿರುವ ಉಪ್ಪೂ ಸೋಡಿಯಮ್ಮೂ ಇಂಥ ಭೂಮಿಯಲ್ಲಿ ಸೇರಿ ಮಣ್ಣನ್ನು ಬಿಗಿಗೊಳಿಸಿ ಸವುಳು ಮಾಡುತ್ತವೆ. ಮೇಲಾಗಿ ಬೇಸಿಗೆಯಲ್ಲಿ ಈ ಭೂಮಿಯು ಆಳವಾಗಿ ಬಿರಿಯುವುದು. ಆ ಬಿರುಕುಗಳೊಳಗೆ ಹಸಿ ಕೊಳಚೆಯನ್ನು ಬಿಟ್ಟರೆ ಅದು ಸೋಸದೆ ಕೆಳಗಿಳಿದು ಸಮೀಪದ ಬಾವಿಯನ್ನು ಕೆಡಿಸುವ ಸಂಭವವುಂಟು. ತೊಗರಿ ಜೋಳಗಳನ್ನು ಬೇಯಿಸಿಯೇ ಉಣ್ಣುವುದರಿಂದ ಉಣ್ಣುವವರಿಗೆ ಭಯವು ಕಡಿಮೆ. ಬರಿಗಾಲಿನಲ್ಲಿ ಹೊಲದಲ್ಲಿ ದುಡಿಯುವವರ ಭಯವಾದರೋ ಅದರಿಂದ ಕಡಿಮೆಯಾಗದು.

ಪಾಲಿಸತಕ್ಕ ನಿಯಮಗಳು

1. ಗುಂಡಿಯಿಂದ ತೆಗೆದ ಹಸಿ ಹೂಳನ್ನು ಹೊಲದಲ್ಲಿ, ಹಳ್ಳದಲ್ಲಿ ಅಥವಾ ಬಾವಿಯ ಸಮೀಪದಲ್ಲಿ ಚೆಲ್ಲಗೊಡಬಾರದು.

2. ಎರಡು ಗುಂಡಿಯ ಪಾಯಖಾನೆಯೇ ಹಳ್ಳಿಗೆ ಲೇಸು. ಒಂದು ತುಂಬಿದ ಮೇಲೆ ಅದನ್ನು ಮುಚ್ಚಿ, ಎರಡನೆಯದನ್ನು ಬಳಸುತ್ತ, ಮೊದಲನೆಯದನ್ನು ಒಂದು ವರ್ಷಕ್ಕೆ ಮೇಲ್ಪಟ್ಟು ಮುಟ್ಟದಿರತಕ್ಕದ್ದು.

3. ಹಸಿ ಮಲದ ಗುಂಡಿಯನ್ನು ಮನುಷ್ಯರ ಕೈಯಿಂದ ಬಳಿಸುವುದು 2013ರ ಕಾಯಿದೆಯ ಪ್ರಕಾರ ಅಪರಾಧ. ಮುಚ್ಚಿದ ಗುಂಡಿಗಳ ವಿಷವಾಯುವಿನಿಂದ ಸತ್ತವರು ಅನೇಕರು. ಯಂತ್ರದ ಬಂಡಿಯನ್ನೇ ಕರೆಸಬೇಕು.

4. ಮಾಗಿದ ಗೊಬ್ಬರವನ್ನಾದರೂ ಬಿತ್ತನೆಗೆ ಮುಂಚೆ ಹಾಕಿ ಮಣ್ಣಿನಲ್ಲಿ ಹೂಳಬೇಕು. ಹಸಿಯಾಗಿ ತಿನ್ನುವ ಮೂಲಂಗಿ, ಸೌತೆ, ಕೊತ್ತಂಬರಿಗಳಿಗೆ ಹಾಕಬಾರದು.

5. ಶುದ್ಧಿ ಮಾಡಿದ ನೀರನ್ನು ಬಳಸುವಲ್ಲಿ, ಬೆಳೆಯ ಮೇಲೆ ಚಿಮುಕಿಸದೆ ಬುಡಕ್ಕೆ ಹನಿಯಾಗಿ ಬಿಡಬೇಕು. ಕೊಯ್ಲಿಗೆ ಹಲವು ದಿನ ಮುಂಚೆ ನಿಲ್ಲಿಸಿದರೆ ಬಿಸಿಲೇ ಬಹುಭಾಗ ಕ್ರಿಮಿಗಳನ್ನು ಕೊಲ್ಲುವುದು.

6. ಕೆಲಸಗಾರರಿಗೆ ಬೂಟುಗಳನ್ನೂ ಕೈಗವುಸುಗಳನ್ನೂ ಭೂಮಾಲೀಕರು ಒದಗಿಸಬೇಕು. ಸಾಬೂನಿನಿಂದ ಕೈಕಾಲು ತೊಳೆಯದೆ ಬುತ್ತಿ ಬಿಚ್ಚಬಾರದು.

7. ಇಂಥ ಹೊಲಗಳಲ್ಲಿ ದುಡಿಯುವವರಿಗೂ ಅವರ ಮಕ್ಕಳಿಗೂ ಜಂತಿನ ಔಷಧವನ್ನು ವೈದ್ಯರ ಸಲಹೆಯಂತೆ ಕಾಲಕಾಲಕ್ಕೆ ಕೊಡಿಸಬೇಕು.

8. ಎರಡು ಮೂರು ವರ್ಷಕ್ಕೊಮ್ಮೆ ಮಣ್ಣಿನ ಉಪ್ಪನ್ನೂ, ವರ್ಷಕ್ಕೊಮ್ಮೆ ಬಾವಿಯ ನೀರನ್ನೂ ಪರೀಕ್ಷೆ ಮಾಡಿಸತಕ್ಕದ್ದು.

ಈ ನಿಯಮಗಳಲ್ಲಿ ಹೆಚ್ಚು ಹಣ ಬೇಡುವಂಥವು ಕೆಲವೇ. ಬೇಕಾದದ್ದು ಊರ ಮುಖಂಡರ ಕಟ್ಟುನಿಟ್ಟು. ಒಬ್ಬ ಭೂಮಾಲೀಕನು ಅಗ್ಗದ ಸಾರಕ್ಕೆ ಆಶೆಪಟ್ಟು ಹಸಿ ಹೂಳನ್ನು ಹೊಲಕ್ಕೆ ಬಿಡಿಸಿಕೊಂಡರೆ, ಅದರ ಫಲವನ್ನು ಉಣ್ಣುವವನು ಅವನಾದರೂ, ರೋಗವನ್ನು ಅನುಭವಿಸುವವರು ಕೂಲಿಗೆ ಬಂದವರೂ ಕೆಳಗಿನ ಬಾವಿಯ ನೀರು ಕುಡಿಯುವವರೂ ಆಗುತ್ತಾರೆ. ಆದುದರಿಂದ ಪಂಚಾಯತಿಯವರು ಮಳೆಗಾಲಕ್ಕೆ ಮುಂಚೆಯೇ ಸಭೆ ಸೇರಿ, ಹೂಳನ್ನು ಮಾಗಿಸತಕ್ಕ ಸ್ಥಳವನ್ನು ಬಾವಿ ಹಳ್ಳಗಳಿಂದ ದೂರವಾಗಿ ಗೊತ್ತುಮಾಡಿ, ಬಂಡಿಯವರಿಗೆ ಅದನ್ನೇ ತೋರಿಸುವುದು ಉಚಿತ. ವರ್ಷ ಕಾದ ಗೊಬ್ಬರವು ಹೊಲಕ್ಕೆ ಬಲವನ್ನು ಕೊಡುವುದು. ಕಾಯದೆ ಚೆಲ್ಲಿದ ಹೂಳು ಅದೇ ಹೊಲದ ಆಳುಗಳ ಬಲವನ್ನು ಕಸಿದುಕೊಳ್ಳುವುದು.