ಹೆಜ್ಜೆಗೆ ತಾಳದ ಆಸರೆ

ಪಾರ್ಕಿನ್ಸನ್ ಕಾಯಿಲೆ ಎಂದೊಡನೆ ನೆನಪಾಗುವುದು ಕೈನಡುಕ. ಆದರೆ ಎಷ್ಟೋ ರೋಗಿಗಳನ್ನು ನಡುಕಕ್ಕಿಂತ ಹೆಚ್ಚಾಗಿ ಕಂಗೆಡಿಸುವುದು ನಡಿಗೆ. ಹೆಜ್ಜೆ ಗಿಡ್ಡವಾಗುತ್ತದೆ, ಪಾದ ನೆಲ ಬಿಟ್ಟು ಸರಿಯಾಗಿ ಏಳುವುದಿಲ್ಲ, ತೋಳಿನ ಬೀಸು ಕಡಿಮೆಯಾಗುತ್ತದೆ. ಹೊಸ್ತಿಲ ಬಳಿ, ಇಕ್ಕಟ್ಟಿನ ಜಾಗದಲ್ಲಿ, ಹಿಂದಕ್ಕೆ ತಿರುಗುವಾಗ ಕಾಲು ಇದ್ದಕ್ಕಿದ್ದಂತೆ ನೆಲಕ್ಕೆ ಅಂಟಿಕೊಂಡುಬಿಡುತ್ತದೆ. ಮೈ ಮುಂದಕ್ಕೆ ವಾಲುತ್ತದೆ, ಕಾಲು ಬರುವುದಿಲ್ಲ. ಅನೇಕರು ಬೀಳುವುದು ಹೀಗೆ. ಸಂಗೀತ ಚಿಕಿತ್ಸೆ ಹೆಚ್ಚು ಫಲ ಕೊಟ್ಟಿರುವುದೂ ಈ ನಡಿಗೆಯ ವಿಷಯದಲ್ಲೇ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ವಿವರಿಸಿದ ಈ ಕಾಯಿಲೆಯಲ್ಲಿ, ನಡುಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಅದರ ಪೆಟ್ಟು ಬೀಳುವುದು ಬೇಸಲ್ ಗ್ಯಾಂಗ್ಲಿಯ ಎಂಬ ಭಾಗದ ಕೆಲಸಕ್ಕೆ. ಆರೋಗ್ಯವಂತರು ನಡೆಯುವಾಗ ಪ್ರತಿ ಹೆಜ್ಜೆಯನ್ನೂ ಯೋಚಿಸಿ ಇಡುವುದಿಲ್ಲ. ಯಾವ ಕಾಲು ಯಾವಾಗ ಏಳಬೇಕೆಂಬ ಲೆಕ್ಕವನ್ನು ಹಿಡಿದಿಡುವಲ್ಲಿ ಈ ಭಾಗಕ್ಕೆ ದೊಡ್ಡ ಪಾಲಿದೆ. ಡೋಪಮೈನ್ ಕಡಿಮೆಯಾದಾಗ ಆ ಒಳಗಿನ ಲೆಕ್ಕ ತಪ್ಪುತ್ತದೆ. ಕಾಲಿನ ಬಲ ಬಹುಮಟ್ಟಿಗೆ ಉಳಿದಿರುತ್ತದೆ, ನಡೆಯುವ ಮನಸ್ಸೂ ಇರುತ್ತದೆ. ಕೈಕೊಡುವುದು ಸಮಯದ ಅಳತೆ.

ಕಿವಿಗೆ ಬಿದ್ದ ತಾಳ ಈ ಅಳತೆಯನ್ನು ಹೊರಗಿನಿಂದ ಒದಗಿಸುತ್ತದೆ. ಶಬ್ದವನ್ನು ಗ್ರಹಿಸುವ ಭಾಗಗಳಿಗೂ ಚಲನೆಯನ್ನು ಸಿದ್ಧಪಡಿಸುವ ಭಾಗಗಳಿಗೂ ಹತ್ತಿರದ ನಂಟಿದೆ. ಕಿರುಮೆದುಳಿನ ಮೂಲಕ ಸಾಗುವ ದಾರಿಗಳು ಈ ಕಾಯಿಲೆಯಲ್ಲಿ ಅಷ್ಟಾಗಿ ಕೆಟ್ಟಿರುವುದಿಲ್ಲ, ಬೇಸಲ್ ಗ್ಯಾಂಗ್ಲಿಯದ ಕೊರತೆಯನ್ನು ಅವು ಸ್ವಲ್ಪ ತುಂಬುತ್ತವೆ ಎಂಬುದು ತಜ್ಞರ ವಿವರಣೆ. ಇನ್ನೂ ಒಂದು ಕಾರಣವಿದೆ. ಒಂದೇ ಅಂತರದಲ್ಲಿ ಬೀಳುವ ತಾಳವನ್ನು ನಾಲ್ಕಾರು ಸಲ ಕೇಳಿದರೆ ಸಾಕು, ಮುಂದಿನ ಪೆಟ್ಟು ಯಾವಾಗ ಬರುತ್ತದೆಂದು ಮಿದುಳಿಗೆ ಮೊದಲೇ ಗೊತ್ತಾಗುತ್ತದೆ. ಪೆಟ್ಟು ಬೀಳುವ ಮುನ್ನವೇ ಕಾಲು ಸಜ್ಜಾಗಿರುತ್ತದೆ.

ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಥಾಟ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆಗೊಡ್ಡಿದರು. 1996ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ತಾಳ ಬೆರೆಸಿದ ಸಂಗೀತದ ಕ್ಯಾಸೆಟ್ ಹಾಕಿಕೊಂಡು ರೋಗಿಗಳು ಮನೆಯಲ್ಲೇ ಮೂರು ವಾರ ನಡಿಗೆ ಅಭ್ಯಾಸ ಮಾಡಿದರು. ಅವರ ನಡಿಗೆಯ ವೇಗ ಶೇ. 25ರಷ್ಟು, ಹೆಜ್ಜೆಯ ಉದ್ದ ಶೇ. 12ರಷ್ಟು ಹೆಚ್ಚಿತು. ತಾಳವಿಲ್ಲದೆ ಅಷ್ಟೇ ಅಭ್ಯಾಸ ಮಾಡಿದವರ ವೇಗ ಹೆಚ್ಚಿದ್ದು ಶೇ. 7ರಷ್ಟು ಮಾತ್ರ. ಭಾಗವಹಿಸಿದವರ ಸಂಖ್ಯೆ ಚಿಕ್ಕದು; ಆದರೂ ಮುಂದೆ ಬೇರೆ ಬೇರೆ ದೇಶಗಳಲ್ಲಿ ನಡೆದ ಅನೇಕ ಅಧ್ಯಯನಗಳು ಇದೇ ದಿಕ್ಕನ್ನು ತೋರಿಸಿವೆ.

ಅಭ್ಯಾಸದ ಕ್ರಮ ಸರಳ. ರೋಗಿ ತನ್ನ ಸಹಜ ನಡಿಗೆಯಲ್ಲಿ ನಿಮಿಷಕ್ಕೆ ಎಷ್ಟು ಹೆಜ್ಜೆ ಇಡುತ್ತಾರೆಂದು ಚಿಕಿತ್ಸಕರು ಮೊದಲು ಎಣಿಸುತ್ತಾರೆ. ಅದು 90 ಇದ್ದರೆ, ಒಂದೇ ಅಂತರದಲ್ಲಿ ತಾಳ ಹಾಕುವ ಮೆಟ್ರೊನೋಮ್ ಅನ್ನು 90ಕ್ಕೇ ಇಡಲಾಗುತ್ತದೆ. ರೋಗಿ ಕುಳಿತು ಕೇಳುತ್ತಾರೆ, ತೊಡೆಯ ಮೇಲೆ ತಾಳ ಹಾಕುತ್ತಾರೆ, ಎದ್ದು ನಿಂತಲ್ಲೇ ಭಾರವನ್ನು ಎಡಕ್ಕೂ ಬಲಕ್ಕೂ ಬದಲಿಸುತ್ತಾರೆ, ಆಮೇಲೆ ನಡೆಯುತ್ತಾರೆ. ಹಿಮ್ಮಡಿ ಪೆಟ್ಟಿಗೆ ಸರಿಯಾಗಿ ಬೀಳತೊಡಗಿದ ಮೇಲೆ ವೇಗವನ್ನು ಶೇ. 5ರಿಂದ 10ರಷ್ಟು ಏರಿಸುತ್ತಾರೆ. ಕಾಲು ಅಂಟಿಕೊಳ್ಳುವ ತೊಂದರೆ ಇದ್ದವರಿಗೆ ವೇಗ ಹೆಚ್ಚಿಸುವುದು ಅಪಾಯವಾಗಬಹುದು. ಅಂಥವರಿಗೆ ತಾಳವನ್ನು ನಿಧಾನವಾಗಿಯೇ ಇಡಬೇಕಾಗುತ್ತದೆ. ಕೊನೆಗೆ ತಾಳ ನಿಲ್ಲಿಸಿ, ಮನಸ್ಸಿನಲ್ಲೇ ಎಣಿಸಿಕೊಂಡು ನಡೆಯುವಂತೆ ಹೇಳಲಾಗುತ್ತದೆ.

ಸಂಗೀತ ಚಿಕಿತ್ಸೆಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಯಾವ ಕಾಯಿಲೆಗೆ ಯಾವ ರಾಗ ಎಂಬ ಪ್ರಶ್ನೆ ಏಳುತ್ತದೆ. ನಡಿಗೆಯ ಮಟ್ಟಿಗೆ ಆ ಪ್ರಶ್ನೆ ದಾರಿ ತಪ್ಪಿಸುತ್ತದೆ. ಆಲಾಪನೆ ಎಷ್ಟೇ ಸೊಗಸಾಗಿದ್ದರೂ ಅದರಲ್ಲಿ ಕಾಲಿಗೆ ಸಿಗುವ ಪೆಟ್ಟಿಲ್ಲ. ಮೃದಂಗದ ನಡೆ ಸ್ಪಷ್ಟವಾಗಿ ಕೇಳುವ, ವೇಗ ಏರಿಳಿಯದ, ರೋಗಿಗೆ ಪರಿಚಿತವಾದ ಭಜನೆಯೋ ಹಳೆಯ ಚಿತ್ರಗೀತೆಯೋ ಹೆಚ್ಚು ಪ್ರಯೋಜನಕಾರಿ.

ಹಾಡುವುದರ ಲಾಭ ಬೇರೆ ಬಗೆಯದು. ಈ ಕಾಯಿಲೆಯಲ್ಲಿ ದನಿ ಕುಗ್ಗುತ್ತದೆ, ಮಾತು ಏರಿಳಿತವಿಲ್ಲದೆ ಸಾಗುತ್ತದೆ, ಮುಂದೆ ನುಂಗುವುದೂ ಕಷ್ಟವಾಗುತ್ತದೆ. ಹಾಡಲು ಆಳವಾದ ಉಸಿರು ಬೇಕು, ಸ್ವರವನ್ನು ಎಳೆದು ನಿಲ್ಲಿಸಬೇಕು, ಅಕ್ಷರ ಬಿಡಿಸಿ ಹೇಳಬೇಕು. ಅಯೋವ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ಸ್ಟೆಗಮೊಲರ್ ತಂಡ ಎಂಟು ವಾರ ನಡೆಸಿದ ಗುಂಪುಗಾಯನದಲ್ಲಿ ಉಸಿರಾಟದ ಸ್ನಾಯುಗಳ ಬಲ ಹೆಚ್ಚಿದ್ದು ಕಂಡುಬಂತು. ಹಾಡಿನಂತೆ ನೃತ್ಯವೂ ಬಳಕೆಯಲ್ಲಿದೆ; ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮಾರಿಸ್ ನೃತ್ಯ ತಂಡ 2001ರಿಂದ ರೋಗಿಗಳಿಗೆ ನೃತ್ಯ ಕಲಿಸುತ್ತಿದೆ. ನಾಚಿಕೆಯಿಂದ ಮನೆಯಲ್ಲೇ ಉಳಿದವರು ನಾಲ್ಕು ಜನರ ನಡುವೆ ಬರುವುದೇ ಇಂಥ ಕೂಟಗಳ ದೊಡ್ಡ ಗಳಿಕೆ, ಏಕೆಂದರೆ ಖಿನ್ನತೆ ಈ ಕಾಯಿಲೆಯ ಬೆನ್ನಿಗೇ ಬರುತ್ತದೆ.

ಇಷ್ಟಾದರೂ ಸಾಯುತ್ತಿರುವ ನರಕೋಶಗಳನ್ನು ಸಂಗೀತ ಉಳಿಸುವುದಿಲ್ಲ. ಲೆವೊಡೋಪಾದಂಥ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಬಿಡುವಂತಿಲ್ಲ, ಕಡಿಮೆ ಮಾಡುವಂತಿಲ್ಲ. ಅಭ್ಯಾಸ ನಿಂತರೆ ಗಳಿಸಿದ್ದೂ ಕೆಲವು ವಾರಗಳಲ್ಲಿ ಕರಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪಾರ್ಕಿನ್ಸನ್ ಚಿಕಿತ್ಸೆಯೂ ಇದೆ, ಸಂಗೀತ ಮತ್ತು ಮಿದುಳಿನ ನಂಟನ್ನು ಅಧ್ಯಯನ ಮಾಡುವ ಪ್ರಯೋಗಾಲಯವೂ ಇದೆ. ಆದರೆ ತರಬೇತಾದ ಸಂಗೀತ ಚಿಕಿತ್ಸಕರು ಊರೂರಿನಲ್ಲಿ ಸಿಗುವುದಿಲ್ಲ. ನರರೋಗ ವೈದ್ಯರ ಒಪ್ಪಿಗೆ ಪಡೆದು, ಸರಿಯಾದ ವೇಗವನ್ನು ಫಿಸಿಯೋಥೆರಪಿಸ್ಟರಿಂದ ಗೊತ್ತುಮಾಡಿಸಿಕೊಂಡರೆ, ಮೊಬೈಲಿನ ಮೆಟ್ರೊನೋಮ್ ಆ್ಯಪ್ ಬಳಸಿ ಮನೆಯಲ್ಲೂ ಅಭ್ಯಾಸ ಮಾಡಬಹುದು. ಮಾತ್ರೆಯ ಪರಿಣಾಮ ಚೆನ್ನಾಗಿರುವ ಹೊತ್ತನ್ನು ಆರಿಸಿಕೊಳ್ಳಬೇಕು, ನೆಲದ ಮೇಲಿನ ಚಾಪೆ, ವೈರು ತೆಗೆದಿಡಬೇಕು, ಪಕ್ಕದಲ್ಲಿ ಒಬ್ಬರು ಇರಬೇಕು. ರಸ್ತೆಯಲ್ಲಿ ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಡೆಯುವುದು ಮಾತ್ರ ಬೇಡ; ಹಿಂದಿನಿಂದ ಬರುವ ವಾಹನದ ಸದ್ದು ಕೇಳಿಸುವುದಿಲ್ಲ.