ಹೊಟ್ಟೆಗೆ ಪೆಟ್ಟು: ಗಾಯ ಕಾಣದಿದ್ದರೂ ಎಚ್ಚರ

ಮಕ್ಕಳು ಸೈಕಲಿನಿಂದ ಬೀಳುವುದು ಸಾಮಾನ್ಯ. ಮೊಣಕಾಲು ತರಚಿದರೆ ಕೂಡಲೇ ಔಷಧಿ ಹಚ್ಚುತ್ತೇವೆ. ಆದರೆ ಹ್ಯಾಂಡಲಿನ ತುದಿ ಮೇಲುಹೊಟ್ಟೆಗೆ ಬಡಿದರೆ, ಹೊರಗೆ ಗಾಯವಿಲ್ಲವೆಂದು ಸುಮ್ಮನಾಗುತ್ತೇವೆ.

ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಮೇದೋಜೀರಕ ಗ್ರಂಥಿ ಇದೆ. ಪೆಟ್ಟು ಬಿದ್ದಾಗ ಅದು ಬೆನ್ನುಮೂಳೆಗೆ ಒತ್ತಿ ಜಜ್ಜಿಹೋಗಬಹುದು. ಆಗ ಜೀರ್ಣರಸ ಸೋರಿ ಸುತ್ತಲೂ ಶೇಖರವಾಗುತ್ತದೆ. ಕೆಲವು ವಾರಗಳಲ್ಲಿ ಅದರ ಸುತ್ತ ಪೊರೆ ಬೆಳೆದು ನೀರಿನ ಚೀಲದಂತಾಗುತ್ತದೆ. ಇದನ್ನು ಸ್ಯೂಡೋಸಿಸ್ಟ್ ಎನ್ನುತ್ತಾರೆ. ಊಟ ಸೇರದಿರುವುದು, ವಾಂತಿ, ಮೇಲುಹೊಟ್ಟೆಯ ನೋವು, ಉಬ್ಬು ಇದರ ಲಕ್ಷಣಗಳು. ಅಷ್ಟರಲ್ಲಿ ಮಗು ಬಿದ್ದ ಸಂಗತಿ ಮನೆಯವರಿಗೆ ಮರೆತಿರುತ್ತದೆ. ಗ್ಯಾಸ್ ಎಂದು ಮನೆಮದ್ದು ನಡೆಯುತ್ತದೆ. ಆದ್ದರಿಂದ ವೈದ್ಯರಿಗೆ ಹಳೆಯ ಪೆಟ್ಟನ್ನೂ ತಿಳಿಸಿ. ಸಣ್ಣ ಚೀಲಗಳು ಹಲವೊಮ್ಮೆ ತಾವಾಗಿ ಕರಗುತ್ತವೆ; ದೊಡ್ಡದಾಗಿ ತೊಂದರೆ ಕೊಟ್ಟರೆ ದ್ರವ ಹೊರತೆಗೆಯಬೇಕಾಗುತ್ತದೆ.

ಯಕೃತ್ತು ಅಥವಾ ಗುಲ್ಮ ಹರಿದರೆ ಸೋರುವುದು ರಕ್ತ. ಮುಖ ಬಿಳಿಚುವುದು, ತಣ್ಣನೆಯ ಬೆವರು, ತಲೆಸುತ್ತು, ಎಡಭುಜದ ನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಪೆಟ್ಟು ಬಿದ್ದ ಹೊಟ್ಟೆಗೆ ಎಣ್ಣೆ ತಿಕ್ಕಬೇಡಿ, ಶಾಖ ಕೊಡಬೇಡಿ, ಜೋಶಾಂದಾ ಕುಡಿಸಬೇಡಿ. ನೋವಿದ್ದರೆ ಅಂದೇ ಸ್ಕ್ಯಾನಿಂಗ್ ಇರುವ ಆಸ್ಪತ್ರೆಯಲ್ಲಿ ತೋರಿಸಿ. ಮಕ್ಕಳು ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು. ಬೈಗುಳಕ್ಕೆ ಹೆದರಿ ಅವರು ಬಿದ್ದದ್ದನ್ನು ಮುಚ್ಚಿಡುವಂತಾಗದಿರಲಿ.